ಹೊಗೆಯಷ್ಟೇ ಕಂಡರೆ ಸಾಕೇ?

ರಘು ದೀಕ್ಷಿತ್ ಅವರ ತಂಡ 2008ರಲ್ಲಿ ತನ್ನ ಮೊದಲ ಆಲ್ಬಂನಲ್ಲಿ ಸಂತ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೊ’ ತತ್ವಪದವನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡಿತು. ಯುವಜನರು ಮೆಚ್ಚಿ ಕುಣಿದರು. 2010ರಲ್ಲಿ ಆ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯ ತುದಿಗೇರಿತು. ಆದರೂ ‘ತತ್ವಪದಕ್ಕೆ ರಾಕ್ ಸಂಗೀತ ಬೇಕಿತ್ತೇ?’ ಎನ್ನುವವರಿದ್ದಾರೆ.

ಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಭಜನೆಗಳಲ್ಲಿ ಏಕತಾರಿಯೊಡನೆ ಉಳಿದುಬಂದ ಶರೀಫರ ಪದಗಳನ್ನು ಸಿ. ಅಶ್ವತ್ಥ್ ಸುಗಮ ಸಂಗೀತದ ಮೂಲಕ ಮನೆಮನೆಗೆ ಮುಟ್ಟಿಸಿದರು. ಗಿಟಾರ್ ಅವನ್ನು ನಮ್ಮ ಮೊಬೈಲಿಗೆ ತಂದಿತು.

ಕೊರತೆ ಇರುವುದು ಕೇಳುವ ನಮ್ಮಲ್ಲಿ. ಹಲವರಿಗೆ ಇದು ಬರೀ ಹುಕ್ಕಾದ ಹಾಡು. ಶರೀಫರು ಮನಸ್ಸು, ಬುದ್ಧಿ, ಶರೀರಗಳನ್ನೇ ಹುಕ್ಕಾದ ಪರಿಕರಗಳಾಗಿಸಿ, ಒಳಗಿನ ರೋಗವನ್ನು ಹೊರಹಾಕಲು ಹೇಳುತ್ತಾರೆ. 1819ರಲ್ಲಿ ಮುಸ್ಲಿಂ ಮನೆಯಲ್ಲಿ ಹುಟ್ಟಿದ ಅವರು ಕಳಸದ ಗೋವಿಂದ ಭಟ್ಟರನ್ನು ಗುರುವೆಂದು ನಂಬಿದ್ದರು. ಈ ಸ್ನೇಹದ ಕಥೆ ನಮಗೆ ಇಂದು ಹೆಚ್ಚು ಬೇಕು.

ಚಿಕ್ಕಲ್ಲೂರಿನ ನೀಲಗಾರರ ಪದಗಳಿಗೂ, ಮಾದಪ್ಪನ ಬೆಟ್ಟದ ಕಂಸಾಳೆಗೂ ಈ ಮಾತು ಸಲ್ಲುತ್ತದೆ. ಕಾಲೇಜು ವಾರ್ಷಿಕೋತ್ಸವದಲ್ಲಿ ಇಂಥ ಹಾಡಿಗೆ ಹೆಜ್ಜೆ ಹಾಕುವ ಗೆಳೆಯರೇ, ಮೊದಲು ಮೈಕ್ ಹಿಡಿದು ಎರಡು ನಿಮಿಷ ಅದರ ಕವಿ, ಅರ್ಥ ಹೇಳಿ. ಆಮೇಲೆ ಎಷ್ಟು ಜೋರಾಗಿ ಬೇಕಾದರೂ ಕುಣಿಯೋಣ.