ಅಡ್ಡಹೆಸರು ಇಲ್ಲದವರೂ ಇರತಾರ್ರೀ!



ನಿಮ್ಮ ಮಗನೋ ಸೊಸೆಯೋ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೋ, ನಮ್ಮ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯದಲ್ಲೋ ಗುಮಾಸ್ತರಾಗಿ ಇದ್ದಾರು. ಹೊರಗಿನಿಂದ ಓದಲು ಬಂದವರು ಪಾಠ ಕೇಳುವ ಮೊದಲು ನಿಲ್ಲುವುದು ಇಂಥವರ ಕಿಟಕಿಯ ಮುಂದೆ. ಅಲ್ಲಿ ಮೊದಲ ಮಾತೇ ಹೆಸರಿನದು.

ನಮ್ಮ ಕಡೆ ಅಡ್ಡಹೆಸರಿಗೇನು ಬರವೇ? ಅಕ್ಕಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಅರ್ಧ ಅಡಿಗೆಮನೆ ಹಾಜರಿ ಪುಸ್ತಕದಲ್ಲೇ ಇರುತ್ತದೆ. ಊರು ಬಿಟ್ಟವರಿಗೆ ಊರೇ ಅಡ್ಡಹೆಸರು. ಆಡೂರಿನವರು ‘ಆಡೂರ’ ಆಗುತ್ತಾರೆ. ಹೀಗಾಗಿ ಅಡ್ಡಹೆಸರು ಇಲ್ಲವೆಂದರೆ ನಮಗೆ ನಂಬಿಕೆಯೇ ಬರುವುದಿಲ್ಲ. ಮೈಸೂರು ಕಡೆಯವರು ಬರೀ ಇನಿಷಿಯಲ್ ಬರೆದರೂ “ಪೂರಾ ಹೆಸರು ಹೇಳ್ರಿ” ಅನ್ನುತ್ತೇವೆ.

ಹಾನಗಲ್ಲಿಗೆ ಹತ್ತಿರದ ಮುಂಡಗೋಡನ್ನೇ ನೋಡಿ. 1966ರಿಂದ ಅಲ್ಲಿ ಟಿಬೆಟನ್ನರ ಕ್ಯಾಂಪ್ ಇದೆ. ಅವರಲ್ಲಿ ಹೆಚ್ಚಿನವರಿಗೆ ಅಡ್ಡಹೆಸರಿಲ್ಲ. ತೆನ್ಜಿನ್ ಅಂದರೆ ಹುಡುಗನೂ ಆದೀತು, ಹುಡುಗಿಯೂ ಆದೀತು. ಇಥಿಯೋಪಿಯದವರು ತಮ್ಮ ಹೆಸರಿನ ಜೊತೆ ತಂದೆಯ ಹೆಸರು ಸೇರಿಸುತ್ತಾರೆ. ಹೆಣ್ಣುಮಕ್ಕಳು ಮದುವೆಯಾದರೂ ಅದನ್ನು ಬದಲಿಸುವುದಿಲ್ಲ.

ಫಾರಂ ತುಂಬಬೇಕಲ್ಲ ಅಂತ ಖಾಲಿ ಜಾಗದಲ್ಲಿ ಏನೋ ಒಂದು ಬರೆದರೆ ಅಂಕಪಟ್ಟಿಯ ಹೆಸರೇ ಬೇರೆ, ಪಾಸ್‌ಪೋರ್ಟಿನ ಹೆಸರೇ ಬೇರೆ ಆಗುತ್ತದೆ. ಆಮೇಲೆ ಅಫಿಡವಿಟ್ಟು, ಅಲೆದಾಟ. ಅಷ್ಟರಲ್ಲಿ ನೌಕರಿಗೆ ಅರ್ಜಿ ಹಾಕುವ ತಾರೀಖು ಮುಗಿದಿರುತ್ತದೆ. ಈ ಸಂಕಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ರೇಶನ್ ಕಾರ್ಡಿನಲ್ಲಿ ಗಂಡನ ಮನೆ ಹೆಸರು. “ಇಬ್ಬರೂ ಒಬ್ಬರೇ ಅನ್ನೋದಕ್ಕ ಕಾಗದ ತರ್ರಿ” ಅನ್ನಿಸಿಕೊಂಡವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

ಹೊರದೇಶಕ್ಕೆ ಹೋದ ನಮ್ಮ ಮಕ್ಕಳಿಗೂ ಇದೇ ಪಾಡು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಅಂತ ಬರುತ್ತದೆ. ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಹೆತ್ತವರು ಪ್ರೀತಿಯಿಂದ ಇಟ್ಟ ಹೆಸರು ಕಣ್ಣೆದುರಿಗೇ ಇದ್ದರೂ!

ಗುಮಾಸ್ತರ ಕಷ್ಟವೂ ಸುಳ್ಳಲ್ಲ. ಸಾಲು ಉದ್ದ, ಇಬ್ಬರ ಇಂಗ್ಲಿಷೂ ಬೇರೆ ಬೇರೆ. ಆದರೆ ದನಿ ಏರಿಸಿದರೆ ಅರ್ಥವಾಗುವುದಿಲ್ಲ. ಕಾಗದದ ಮೇಲೆ ಬರೆದು ತೋರಿಸಿದರೆ ಆಗುತ್ತದೆ. ಮನೆಯವರು ಊಟಕ್ಕೆ ಕೂತಾಗ ಇಷ್ಟು ಹೇಳಿ: ಪಾಸ್‌ಪೋರ್ಟಿನಲ್ಲೋ ನೋಂದಣಿ ಪತ್ರದಲ್ಲೋ ಇದ್ದ ಹೆಸರನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳಲಿ. “ನಿಮ್ಮನ್ನು ಏನಂತ ಕರೀಬೇಕು?” ಎಂದು ಕೇಳಲಿ. ಅಂಕಪಟ್ಟಿ ಅಚ್ಚಾಗುವ ಮೊದಲು ಬರೆದದ್ದನ್ನು ಅವರಿಗೇ ಒಮ್ಮೆ ತೋರಿಸಲಿ. ಅಡ್ಡಹೆಸರಿನ ಜಾಗ ಖಾಲಿ ಬಿಡಲು ಬಾರದಿದ್ದರೆ ಮೇಲಿನವರನ್ನು ಕೇಳಲಿ, ತಾವೇ ಒಂದು ಹುಟ್ಟಿಸುವುದು ಬೇಡ.

ತೊಟ್ಟಿಲಿಗೆ ಹಾಕಿ ಹೆಸರಿಡುವ ಹಕ್ಕು ಸೋದರತ್ತೆಯದು, ಕಚೇರಿಯದಲ್ಲ. ಏನಂತೀರಿ?