ಪೆಟ್ಟಿಗೆ ಮಾರುವವರ ಕೈಯಲ್ಲಿ ಕಥೆ

ಆಟದ ಪೆಟ್ಟಿಗೆ ಮಾಡುವ ಕಂಪನಿಗೆ ಧಾರಾವಾಹಿ ತೆಗೆಯುವ ಉಸಾಬರಿ ಯಾಕೆ? ಹೀಗೆ ಕೇಳಿದರೆ ಇಲ್ಲಿನ, ಅಂದರೆ ಹೈದರಾಬಾದಿನ, ನನ್ನ ಐಟಿ ಗೆಳೆಯರು ನಗುತ್ತಾರೆ. ‘ಈ ಕಾಲದಲ್ಲಿ ಯಾರು ಏನು ಬೇಕಾದರೂ ಮಾಡಬಹುದು ಸಾರ್. ಪುಸ್ತಕ ಮಾರುತ್ತಿದ್ದವನು ಸಿನಿಮಾ ತೆಗೆದ, ಫೋನು ಮಾರುವವನು ಸೀರಿಯಲ್ ತೆಗೆದ. ದುಡ್ಡಿದೆ, ತೆಗೆಯಲಿ ಬಿಡಿ’ ಎನ್ನುತ್ತಾರೆ. ತೆಗೆಯಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ತೆಗೆದ ಮೇಲೆ ಆ ಕಥೆಯ ಗತಿ ಏನಾಗುತ್ತದೆ ಎಂಬುದೇ ನನ್ನ ತಕರಾರು. ಪೆಟ್ಟಿಗೆ ಮಾರುವ ಗಾಳಕ್ಕೆ ಕಥೆಯನ್ನು ಎರೆಹುಳುವಿನಂತೆ ಸಿಕ್ಕಿಸಿದರೆ, ಮೀನು ಬೀಳದ ದಿನ ಹುಳುವನ್ನು ಯಾರು ಕೇಳುತ್ತಾರೆ? ಇದನ್ನು ಊಹೆ ಮಾಡಿ ಹೇಳಬೇಕಾಗಿಲ್ಲ. ಜಗತ್ತಿನ ಎರಡು ದೊಡ್ಡ ಕಂಪನಿಗಳು ಮಾಡಿಯೇ ತೋರಿಸಿವೆ.

ಮೊದಲನೆಯದು ಮೈಕ್ರೋಸಾಫ್ಟ್. ತನ್ನ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿಯೇ ಸ್ವಂತ ಟೀವಿ ಕಾರ್ಯಕ್ರಮ ತಯಾರಿಸಲು ಅದು 2012ರಲ್ಲಿ ಎಕ್ಸ್‌ಬಾಕ್ಸ್ ಎಂಟರ್‌ಟೇನ್‌ಮೆಂಟ್ ಸ್ಟುಡಿಯೋಸ್ ಎಂಬ ವಿಭಾಗ ಕಟ್ಟಿತು. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಕಚೇರಿ. ಸಿಬಿಎಸ್ ಟೀವಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನ್ಯಾನ್ಸಿ ಟೆಲ್ಲೆಮ್ ಅವರನ್ನು ತಂದು ಮುಖ್ಯಸ್ಥೆಯಾಗಿ ಕೂರಿಸಿದರು. 2013ರ ಫೆಬ್ರುವರಿಯಲ್ಲಿ ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ ಬಿಡುಗಡೆ ಮಾಡಿ ಎಲ್ಲರ ಕಣ್ಣು ಕುಕ್ಕಿತು. ಆ ಮೇಲಂತೂ ಕೈಯಲ್ಲಿ ಒಂದು ಪೆಟ್ಟಿಗೆ ಇದ್ದವರಿಗೆಲ್ಲ ತಾವೂ ಟೀವಿ ಚಾನೆಲ್ ಆಗಿಬಿಡುವ ಆಸೆ.

2013ರ ಮೇ 21ರಂದು ಮೈಕ್ರೋಸಾಫ್ಟ್ ತನ್ನ ಹೊಸ ಯಂತ್ರ ಎಕ್ಸ್‌ಬಾಕ್ಸ್ ಒನ್ ಅನ್ನು ಜಗತ್ತಿಗೆ ತೋರಿಸಿತು. ಆಟ ನೋಡಲು ಬಂದವರಿಗೆ ಮೊದಲು ಉಣಬಡಿಸಿದ್ದು ಟೀವಿ. ಕೇಬಲ್ ಪೆಟ್ಟಿಗೆಯ ವೈರು ಈ ಯಂತ್ರದ ಮೂಲಕವೇ ಹಾಯಬೇಕು, ಬಾಯಲ್ಲಿ ಹೇಳಿದರೆ ಚಾನೆಲ್ ಬದಲಾಗಬೇಕು. ‘ಹೇಲೋ’ ಎಂಬ ತಮ್ಮ ಹೆಸರಾಂತ ಆಟ ಟೀವಿ ಧಾರಾವಾಹಿಯಾಗಿ ಬರುತ್ತದೆ, ಸ್ಟೀವನ್ ಸ್ಪೀಲ್‌ಬರ್ಗ್ ಜೊತೆಗಿದ್ದಾರೆ ಎಂದು ಅದೇ ವೇದಿಕೆಯಲ್ಲಿ ಸಾರಿದರು. ನೋಡುವವರ ಮಾತು, ಕೈಸನ್ನೆ ಗುರುತಿಸುವ ಕಿನೆಕ್ಟ್ ಕ್ಯಾಮೆರಾವನ್ನು ಯಂತ್ರದ ಜೊತೆ ಕಡ್ಡಾಯವಾಗಿ ಕಟ್ಟಿ ಬೆಲೆ 499 ಡಾಲರ್ ಇಟ್ಟರು. ಎದುರಾಳಿ ಸೋನಿಯ ಪ್ಲೇಸ್ಟೇಶನ್ 4ರ ಬೆಲೆ 399. ನಡುಮನೆಯ ಯಜಮಾನನಾಗುವ ಹಂಬಲಕ್ಕೆ, ಆಟವಷ್ಟೇ ಸಾಕು ಎಂದು ಬಂದ ಹುಡುಗನ ಕೈಯಿಂದ 100 ಡಾಲರ್ ಹೆಚ್ಚಿಗೆ ಕಿತ್ತರು. ಮುಂದಿನ ವರ್ಷ ಜೂನ್‌ನಲ್ಲಿ ಕ್ಯಾಮೆರಾ ಇಲ್ಲದ ಯಂತ್ರವನ್ನು ಅದೇ 399ಕ್ಕೆ ಮಾರಬೇಕಾಗಿ ಬಂತು.

ಅಷ್ಟರಲ್ಲಿ ಕಂಪನಿಯ ಚುಕ್ಕಾಣಿ ಬದಲಾಗಿತ್ತು. 2014ರ ಫೆಬ್ರುವರಿ 4ರಂದು ಸತ್ಯ ನಾದೆಲ್ಲ ಸಿಇಓ ಆದರು. ಈ ಊರು ತನ್ನ ಮಗನೆಂದು ಕುಣಿಯಿತು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದವರಲ್ಲವೇ ಎಂದು ನಾವು ಕನ್ನಡದವರೂ ಆ ಹೆಮ್ಮೆಯಲ್ಲಿ ಒಂದು ತುತ್ತು ಕೇಳಿ ಪಡೆದೆವು. ಆ ಜುಲೈನಲ್ಲಿ ಅವರು ನೌಕರರಿಗೆ ಬರೆದ ಪತ್ರದಲ್ಲಿ ಕಂಪನಿಯ ತಿರುಳು ಯಾವುದು ಎಂದು ವಿವರಿಸಿದರು. ಕೆಲಸಕ್ಕೆ ನೆರವಾಗುವ ತಂತ್ರಾಂಶ, ಮೊಬೈಲ್, ಕ್ಲೌಡ್ ತಿರುಳಿನ ಒಳಗೆ. ಎಕ್ಸ್‌ಬಾಕ್ಸ್ ಬೆಲೆಯುಳ್ಳದ್ದೇ, ಆದರೆ ತಿರುಳಿನ ಹೊರಗೆ. ಜುಲೈ 17ಕ್ಕೆ 18,000 ಉದ್ಯೋಗ ಕಡಿತದ ಘೋಷಣೆ ಬಂತು. ಅದರಲ್ಲಿ ಸುಮಾರು 12,500 ಆಗಷ್ಟೇ ಕೊಂಡಿದ್ದ ನೋಕಿಯಾ ಫೋನ್ ವ್ಯವಹಾರಕ್ಕೆ ಸೇರಿದ್ದು. ಅದೇ ದಿನ ಟೀವಿ ಸ್ಟುಡಿಯೋ ಮುಚ್ಚುವ ಸುದ್ದಿಯೂ ಬಂತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಎರಡು ವರ್ಷದ ಕೂಸು. ಎಕ್ಸ್‌ಬಾಕ್ಸ್ ಒನ್ ಭಾರತದ ಮಾರುಕಟ್ಟೆಗೆ ಬಂದದ್ದು ಅದೇ ಸೆಪ್ಟೆಂಬರಿನಲ್ಲಿ, ಆ ಸ್ಟುಡಿಯೋಗೆ ಬೀಗ ಬೀಳುವುದು ಖಾತ್ರಿಯಾದ ಮೇಲೆ.

ನಾನು ನಾದೆಲ್ಲ ಅವರನ್ನು ದೂರುತ್ತಿಲ್ಲ. ವ್ಯಾಪಾರಿ ಮಾಡಬೇಕಾದ್ದನ್ನೇ ಅವರು ಮಾಡಿದರು. ಲೆಕ್ಕದ ಪುಸ್ತಕ ಕೈಗೆ ಕೊಟ್ಟರೆ ಬಹುಶಃ ನಾನೂ ಹಾಗೇ ಮಾಡುತ್ತಿದ್ದೆ. ನನ್ನನ್ನು ಕಾಡುವುದೂ ಇದೇ. ಮಾಡಿದ ಕಾರ್ಯಕ್ರಮ ಚೆನ್ನಾಗಿರಲಿಲ್ಲ, ಜನ ನೋಡಲಿಲ್ಲ ಎಂದು ಮುಚ್ಚಿದ್ದರೆ ಅದೊಂದು ಮಾತು. ಬಹುಪಾಲು ಕಾರ್ಯಕ್ರಮಗಳನ್ನು ಜನ ಇನ್ನೂ ನೋಡಿಯೇ ಇರಲಿಲ್ಲ! ಬೀದಿ ಫುಟ್ಬಾಲ್ ಕುರಿತ ‘ಎವ್ರಿ ಸ್ಟ್ರೀಟ್ ಯುನೈಟೆಡ್’ ಆ ಜೂನ್‌ನಲ್ಲಷ್ಟೇ ಶುರುವಾಗಿತ್ತು. ಉಳಿದವು ಇನ್ನೂ ಒಲೆಯ ಮೇಲೆ. ಪರೀಕ್ಷೆ ಬರೆಯುವ ಮೊದಲೇ ಫೇಲು ಮಾಡಿದ ಹಾಗಾಯಿತು. ಕಥೆಗೂ ಈ ತೀರ್ಮಾನಕ್ಕೂ ಸಂಬಂಧವೇ ಇರಲಿಲ್ಲ.

ಈ ಸ್ಟುಡಿಯೋದ ಒಂದು ಕೂಸು ಮಾತ್ರ ಚೆನ್ನಾಗಿ ಬದುಕಿತು. ಮನುಷ್ಯರಂತೆಯೇ ಕಾಣುವ ಯಂತ್ರಮಾನವರು ಮನೆಗೆಲಸಕ್ಕೆ ಬರುವ ಕಥೆಯ ‘ಹ್ಯೂಮನ್ಸ್’. ಅದನ್ನು ಬ್ರಿಟನ್ನಿನ ಚಾನೆಲ್ 4 ಜೊತೆ ಸೇರಿ ಮಾಡುತ್ತಿದ್ದರು. ಮೈಕ್ರೋಸಾಫ್ಟ್ ಕೈಬಿಟ್ಟಾಗ ಅಮೆರಿಕದ ಎಎಂಸಿ ಚಾನೆಲ್ ಆ ಜಾಗಕ್ಕೆ ಬಂತು. 2015ರ ಜೂನ್‌ನಲ್ಲಿ ಪ್ರಸಾರವಾಗಿ, ಮೆಚ್ಚುಗೆ ಗಳಿಸಿ, 3 ಸೀಸನ್ ನಡೆಯಿತು. ಅದು ಉಳಿದದ್ದು ಹೇಗೆ? ಅದಕ್ಕೆ ಇನ್ನೊಂದು ಮನೆಯಿತ್ತು. ಕಥೆ ಹೇಳುವುದನ್ನೇ ಕಸುಬು ಮಾಡಿಕೊಂಡ ಮನೆ. ಸ್ಪೀಲ್‌ಬರ್ಗ್ ಹೆಸರು ಹೇಳಿ ಸಾರಿದ ‘ಹೇಲೋ’ ಧಾರಾವಾಹಿಯೂ ಕೊನೆಗೆ ಬಂದದ್ದು 2022ರ ಮಾರ್ಚ್‌ನಲ್ಲಿ, ಪ್ಯಾರಾಮೌಂಟ್ ಪ್ಲಸ್‌ನಲ್ಲಿ. ಅಂದರೆ ಬೇರೆಯವರ ಮನೆಯಲ್ಲಿ, ಸುಮಾರು ಒಂಬತ್ತು ವರ್ಷ ತಡವಾಗಿ.

ಇನ್ನು ಸೋನಿ. ಇದಕ್ಕೆ ನೆಪ ಹೇಳುವಂತಿಲ್ಲ. 1989ರಲ್ಲೇ ಕೊಲಂಬಿಯಾ ಪಿಕ್ಚರ್ಸ್ ಕೊಂಡ ಕಂಪನಿ ಇದು. ಸಿನಿಮಾ ಗೊತ್ತು, ಟೀವಿ ಗೊತ್ತು. ಕಾಮಿಕ್ಸ್ ಪುಸ್ತಕ ಆಧರಿಸಿದ ‘ಪವರ್ಸ್’ ಧಾರಾವಾಹಿಯನ್ನು 2015ರ ಮಾರ್ಚ್‌ನಲ್ಲಿ ತನ್ನ ಪ್ಲೇಸ್ಟೇಶನ್ ಜಾಲದಲ್ಲಿ ಬಿಟ್ಟಿತು. ಪ್ಲೇಸ್ಟೇಶನ್ ಪ್ಲಸ್ ಚಂದಾದಾರರಿಗೆ ಉಚಿತ. ಚಂದಾ ಕಟ್ಟಿಸುವ ಬಣ್ಣದ ಕಾಗದ ಅದು. 2 ಸೀಸನ್ ಆಯಿತು, 2016ರ ಆಗಸ್ಟ್‌ನಲ್ಲಿ ನಿಂತಿತು. ‘ಪ್ಲೇಸ್ಟೇಶನ್ ವ್ಯೂ’ ಎಂಬ ಟೀವಿ ಸೇವೆಯೂ 2015ರ ಅದೇ ತಿಂಗಳು ಹುಟ್ಟಿ 2020ರ ಜನವರಿಯಲ್ಲಿ ಕಣ್ಣು ಮುಚ್ಚಿತು. 2021ರ ಆಗಸ್ಟ್ ಕೊನೆಗೆ ಪ್ಲೇಸ್ಟೇಶನ್ ಅಂಗಡಿಯಲ್ಲಿ ಸಿನಿಮಾ, ಟೀವಿ ಕಾರ್ಯಕ್ರಮಗಳ ಮಾರಾಟವೇ ನಿಂತಿತು.

ಸರಿ, ಮುಂದೆ ಮಾರುವುದಿಲ್ಲ. ಹಿಂದೆ ಕೊಂಡವರ ಕಥೆ? 2023ರ ಡಿಸೆಂಬರಿನಲ್ಲಿ ಸೋನಿ ಒಂದು ಸೂಚನೆ ಹೊರಡಿಸಿತು. ನೀವು ದುಡ್ಡು ಕೊಟ್ಟು ಕೊಂಡ ಡಿಸ್ಕವರಿ ಕಾರ್ಯಕ್ರಮಗಳು ವರ್ಷದ ಕೊನೆಗೆ ನಿಮ್ಮ ಖಾತೆಯಿಂದ ಮಾಯವಾಗುತ್ತವೆ, ಪರವಾನಗಿ ಮುಗಿಯಿತು ಎಂದು. ಜನ ಬೊಬ್ಬೆ ಹೊಡೆದ ಮೇಲೆ ಹೊಸ ಒಪ್ಪಂದವಾಗಿ ಆ ಗಂಡಾಂತರ ಮುಂದಕ್ಕೆ ಹೋಯಿತು. ಮುಂದಕ್ಕೆ ಹೋಯಿತು ಅಷ್ಟೇ, ತಪ್ಪಿತು ಅನ್ನುವಂತಿಲ್ಲ. ಸಂತೆಯಲ್ಲಿ ಕೊಂಡ ಎಮ್ಮೆಯನ್ನು ಮಾರಿದವನೇ ಬಂದು ಹಗ್ಗ ಬಿಚ್ಚಿಕೊಂಡು ಹೋಗಬಹುದಾದರೆ ಅದಕ್ಕೆ ಕೊಂಡದ್ದು ಅನ್ನುತ್ತೀರಾ?

ಇಲ್ಲಿ ಇನ್ನೊಂದು ವಿಚಿತ್ರ ಹೇಳಬೇಕು. ಆ ಮುಚ್ಚಿಹೋದ ಎಕ್ಸ್‌ಬಾಕ್ಸ್ ಸ್ಟುಡಿಯೋ ತೆಗೆಸಿದ ಸಾಕ್ಷ್ಯಚಿತ್ರದ ಹೆಸರು ‘ಅಟಾರಿ: ಗೇಮ್ ಓವರ್’. 1982ರಲ್ಲಿ ಸ್ಪೀಲ್‌ಬರ್ಗ್ ಅವರದೇ ‘ಇ.ಟಿ.’ ಸಿನಿಮಾ ಗೆದ್ದಾಗ ಅಟಾರಿ ಕಂಪನಿ ಅದರ ಆಟ ಮಾಡಲು ಹೊರಟಿತು. ಅಟಾರಿಯ ಒಡೆಯರು ಆಗ ವಾರ್ನರ್ ಕಮ್ಯುನಿಕೇಶನ್ಸ್, ಸಿನಿಮಾ ಮಂದಿ. ಕ್ರಿಸ್‌ಮಸ್ ವ್ಯಾಪಾರ ತಪ್ಪಬಾರದೆಂದು ಆಟ ಬರೆಯಲು ಕೊಟ್ಟ ಸಮಯ ಬರೇ ಐದು ವಾರ. ಆಟ ಸೋತಿತು. ಉಳಿದ ಮಾಲನ್ನು 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೋದಲ್ಲಿ ಗುಂಡಿ ತೋಡಿ ಹೂತರು. ಆ ಗುಂಡಿಯನ್ನು 2014ರ ಏಪ್ರಿಲ್‌ನಲ್ಲಿ ಅಗೆದು ತೆಗೆಯುವುದೇ ಈ ಚಿತ್ರ. ಅದು ನವೆಂಬರಿನಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಅಗೆಸಿದವರ ಸ್ಟುಡಿಯೋವನ್ನೇ ಮುಚ್ಚುವ ತೀರ್ಮಾನವಾಗಿತ್ತು. ಒಂದು ಕಾಲದಲ್ಲಿ ಸಿನಿಮಾದವರು ಆಟವನ್ನು ಹೂತರು, ಇನ್ನೊಂದು ಕಾಲದಲ್ಲಿ ಆಟದವರು ಸಿನಿಮಾವನ್ನು. ಎರಡು ಸಲವೂ ಗುಂಡಿ ತೋಡಿದ್ದು ಬೇರೊಂದು ಸರಕಿನ ವ್ಯಾಪಾರದ ಲೆಕ್ಕ.

ನೀವು ಕೇಳಬಹುದು: ಯಂತ್ರ ಮಾರುವವರು ಕಲೆಗೆ ಕೈಹಾಕಿದ್ದು ಇದೇ ಮೊದಲೇ? ಖಂಡಿತ ಅಲ್ಲ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡದ್ದು ಸಂಗೀತ ಸೇವೆಗೇನಲ್ಲ. ಯಂತ್ರ, ತಟ್ಟೆ ಎರಡನ್ನೂ ಇಲ್ಲಿ ಮಾರಬೇಕಿತ್ತು. ಅಮೆರಿಕದಲ್ಲಿ ರೇಡಿಯೋ ಪೆಟ್ಟಿಗೆ ಮಾರುತ್ತಿದ್ದ ಆರ್‌ಸಿಎ ಕಂಪನಿಯೇ 1926ರಲ್ಲಿ ಎನ್‌ಬಿಸಿ ಪ್ರಸಾರ ಸಂಸ್ಥೆಯನ್ನು ಕಟ್ಟಿತು. ಸೋಪು ಮಾರುವವರು ರೇಡಿಯೋ ನಾಟಕ ಮಾಡಿಸಿದರು, ಅದಕ್ಕೇ ಸೋಪ್ ಒಪೆರಾ ಎಂಬ ಹೆಸರು ನಿಂತಿತು. ಇವೆಲ್ಲ ಬದುಕಿದವು, ಬೆಳೆದವು.

ಆದರೆ ವ್ಯತ್ಯಾಸ ನೋಡಿ. ಗೌಹರ್ ಜಾನ್ ಅವರ ತಟ್ಟೆ ಇನ್ನೊಬ್ಬರು ಮಾಡಿದ ಯಂತ್ರದ ಮೇಲೂ ಹಾಡುತ್ತಿತ್ತು. ಎನ್‌ಬಿಸಿ ಕಾರ್ಯಕ್ರಮ ಕೇಳಲು ಆರ್‌ಸಿಎ ರೇಡಿಯೋವೇ ಆಗಬೇಕೆಂದಿರಲಿಲ್ಲ. ಆ ಸೋಪು ಹಚ್ಚದವರೂ ನಾಟಕ ಕೇಳಿ ಅತ್ತರು. ನಮ್ಮ ಕರಾವಳಿಯಲ್ಲಿ ಹರಕೆಯ ಯಕ್ಷಗಾನ ಆಡಿಸುವವರು ಇಲ್ಲವೇ? ದುಡ್ಡು ಒಬ್ಬರದು, ಹರಕೆ ಒಬ್ಬರದು. ಆದರೆ ಗದ್ದೆಯಲ್ಲಿ ಇಡೀ ಊರು ಕೂತು ಬೆಳಗಿನವರೆಗೆ ನೋಡುತ್ತದೆ. ಹಣ ಹಾಕಿದ ಮಾತ್ರಕ್ಕೆ ಕಲೆ ಕೆಡುವುದಿಲ್ಲ. ಹಣದ ಜೊತೆ ಬೀಗವನ್ನೂ ಹಾಕಿದಾಗ ಕೆಡುತ್ತದೆ. ಬೀಗದ ಕೈ ಇಟ್ಟುಕೊಂಡವನು ಊರು ಬಿಟ್ಟರೆ ಒಳಗಿದ್ದದ್ದೂ ಹೋಯಿತು.

ಸೋನಿಯವರಿಗೆ ಇದು ತಡವಾಗಿಯಾದರೂ ತಿಳಿಯಿತು ಎನ್ನಬೇಕು. 2019ರಲ್ಲಿ ಪ್ಲೇಸ್ಟೇಶನ್ ಪ್ರೊಡಕ್ಷನ್ಸ್ ಎಂದು ಶುರುಮಾಡಿ, ತಮ್ಮ ಆಟಗಳನ್ನು ತಮ್ಮ ಪೆಟ್ಟಿಗೆಯೊಳಗೆ ಬಚ್ಚಿಡದೆ ಹೊರಗಿನ ವೇದಿಕೆಗಳಿಗೆ ಕೊಟ್ಟರು. ‘ದ ಲಾಸ್ಟ್ ಆಫ್ ಅಸ್’ 2023ರ ಜನವರಿಯಲ್ಲಿ ಎಚ್‌ಬಿಓದಲ್ಲಿ ಬಂತು. ಪ್ಲೇಸ್ಟೇಶನ್ ಮುಟ್ಟಿಯೇ ನೋಡದವರು ಅದನ್ನು ನೋಡಿದರು, ನಾನೂ ನೋಡಿದೆ. ಆಮೇಲೆ ಎಷ್ಟೋ ಜನ ಆಟವನ್ನು ಹುಡುಕಿಕೊಂಡು ಹೋದರು. ಕಥೆಯನ್ನು ಬಿಟ್ಟುಕೊಟ್ಟಾಗ ಪೆಟ್ಟಿಗೆಗೂ ಲಾಭವಾಯಿತು. ಕಟ್ಟಿಹಾಕಿದಾಗ ಎರಡೂ ಸೊರಗಿದ್ದವು.

ಇಷ್ಟು ದೂರದ ರಾಮಾಯಣ ನಮಗೇಕೆ ಅನ್ನಬೇಡಿ. ಕನ್ನಡದ ಕಥೆಗಳಿಗೆ ಈಗ ಮನೆ ಯಾವುದು? ರಕ್ಷಿತ್ ಶೆಟ್ಟಿ ಅವರ ಪರಂವಃ ತಂಡದ 7 ಕಂತುಗಳ ‘ಏಕಂ’ ಸರಣಿಯನ್ನು ದೊಡ್ಡ ಓಟಿಟಿ ವೇದಿಕೆಗಳು ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ಅವರೇ ಒಂದು ಜಾಲತಾಣ ಮಾಡಿ ಅದರಲ್ಲಿ ಬಿಡುಗಡೆ ಮಾಡಿದರು. ಬಾಗಿಲು ಹೀಗೆ ಮುಚ್ಚಿರುವಾಗ ಯಾರಾದರೂ ಬಂದು, ಫೋನಿನವರೋ ಪಾವತಿ ಆ್ಯಪ್‌ನವರೋ ಆಟದ ಆ್ಯಪ್‌ನವರೋ, ‘ನಿಮ್ಮ ಭಾಷೆಯಲ್ಲಿ ಕಂಟೆಂಟ್ ಬೇಕು’ ಅಂದರೆ ನಾವು ಎದ್ದು ಬಿದ್ದು ಓಡುತ್ತೇವೆ. ಪುಣೆಯಲ್ಲಿರುವ ನನ್ನ ಗೆಳತಿಯೊಬ್ಬರು ಇಂಥದೇ ಒಂದು ಆ್ಯಪ್‌ಗೆ ನಲವತ್ತು ಕಂತಿನ ಶ್ರವ್ಯ ಕಾದಂಬರಿ ಬರೆದುಕೊಟ್ಟರು. ಹನ್ನೊಂದು ಕಂತು ಪ್ರಸಾರವಾದ ಮೇಲೆ ಕಂಪನಿ ಕನ್ನಡ ವಿಭಾಗವನ್ನೇ ಮುಚ್ಚಿತು. ಸಂಭಾವನೆ ಪೂರ್ತಿ ಬಂತು, ಅದರಲ್ಲಿ ಮೋಸವಿಲ್ಲ. ಆದರೆ ಆ ಕಾದಂಬರಿಯನ್ನು ಅವರು ಬೇರೆಲ್ಲೂ ಪ್ರಕಟಿಸುವಂತಿಲ್ಲ. ಹಕ್ಕು ಕಂಪನಿಯದು, ಶಾಶ್ವತ. ಉಳಿದ ಇಪ್ಪತ್ತೊಂಬತ್ತು ಕಂತು ಯಾರದೋ ಸರ್ವರಿನಲ್ಲಿ ಕೂತಿದೆ. ಬರೆದವರಿಗಿಲ್ಲ, ಕೇಳುವವರಿಗಿಲ್ಲ, ಇಟ್ಟುಕೊಂಡವರಿಗೂ ಬೇಕಿಲ್ಲ.

ಇಂಗ್ಲಿಷಿನ ಒಂದು ಧಾರಾವಾಹಿ ಸತ್ತರೆ ಅದರ ಪಕ್ಕದಲ್ಲಿ ನೂರು ಇರುತ್ತವೆ. ‘ಹ್ಯೂಮನ್ಸ್’ಗೆ ಸಿಕ್ಕಂಥ ಎರಡನೇ ಮನೆ ಅಲ್ಲಿ ಸಿಗುತ್ತದೆ. ನಮ್ಮಲ್ಲಿ ಒಂದು ಹೋದರೆ ಪಕ್ಕದ ಜಾಗ ಖಾಲಿ. ಆದ್ದರಿಂದ ದೊಡ್ಡ ಭಾಷೆಯವರಿಗಿಂತ ನಾವೇ ಹೆಚ್ಚು ಹುಷಾರಾಗಿರಬೇಕು, ಆದರೆ ನಾವೇ ಹೆಚ್ಚು ಬೇಗ ಸಹಿ ಹಾಕುತ್ತೇವೆ. ಕರೆದರಲ್ಲ ಎಂಬ ಸಂತೋಷಕ್ಕೆ.

ಯಾರ ದುಡ್ಡೂ ಬೇಡ ಎಂದು ನಾನು ಹೇಳುವುದಿಲ್ಲ. ಬರೆಯುವವರಿಗೂ ಮನೆ ಬಾಡಿಗೆ ಇದೆ. ದುಡ್ಡು ತೆಗೆದುಕೊಳ್ಳಿ, ಚೌಕಾಶಿ ಮಾಡಿ ಇನ್ನಷ್ಟು ಕೇಳಿ. ಆದರೆ ಮೂರು ಮಾತು ಕಾಗದದಲ್ಲಿ ಬರೆಸಿಕೊಳ್ಳಿ. ಒಂದು, ಇಷ್ಟು ವರ್ಷದೊಳಗೆ ಪ್ರಸಾರ ಮಾಡದಿದ್ದರೆ ಅಥವಾ ಮಾಡುವುದನ್ನು ನಿಲ್ಲಿಸಿದರೆ ಹಕ್ಕು ಬರೆದವರಿಗೆ ಮರಳಬೇಕು. ಎರಡು, ಅವರ ಯಂತ್ರದಲ್ಲೋ ಆ್ಯಪ್‌ನಲ್ಲೋ ಮಾತ್ರ ಎಂಬ ಕಟ್ಟು ಒಂದು ಅವಧಿಗಷ್ಟೇ ಇರಬೇಕು. ಮೂರು, ಮುಗಿದ ಕೃತಿಯ ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು. ಒಪ್ಪದಿದ್ದರೆ ಆ ಕಥೆಯನ್ನು ಇಂಥ ಪುಟ್ಟ ಪತ್ರಿಕೆಗೆ ಕೊಡಿ. ನಾವು ಸಂಭಾವನೆ ಕೊಡಲಾರೆವು, ಬೀಗವನ್ನೂ ಹಾಕುವುದಿಲ್ಲ.

ಕಂಪನಿಯವರು ಸಹಿಗೆ ಪೆನ್ನು ಕೊಡುವಾಗ ವೀಕ್ಷಕರ ಸಂಖ್ಯೆ ಹೇಳುತ್ತಾರೆ, ದೊಡ್ಡ ಹೆಸರು ಹೇಳುತ್ತಾರೆ. ಎಕ್ಸ್‌ಬಾಕ್ಸ್‌ನವರು ಸ್ಪೀಲ್‌ಬರ್ಗ್ ಹೆಸರನ್ನೇ ಹೇಳಿದ್ದರು. ನೀವು ಕೇಳಬೇಕಾದ್ದು ಒಂದೇ: ನಿಮ್ಮ ಅಂಗಡಿ ಮುಚ್ಚಿದ ಮಾರನೇ ದಿನ ಈ ಕಥೆ ಯಾರದು?