ಆಟದ ಲಾರಿ ಬಿಚ್ಚಿದರೆ ಬೈಯಬೇಡಿ

ಮಕ್ಕಳೇ, ಜಾತ್ರೆಯಲ್ಲಿ ಕೊಂಡ ರಿಮೋಟ್ ಲಾರಿ ನಿಮ್ಮ ಮನೆಯಲ್ಲಿ ಇದೆಯೇ? ಮೊದಲ ದಿನ ಅದು ಅಂಗಳದ ತುಂಬ ಓಡುತ್ತದೆ. ಎರಡನೆಯ ದಿನ ಹೊಸಿಲಿಗೆ ಗುದ್ದುತ್ತದೆ. ವಾರ ಕಳೆಯುವಷ್ಟರಲ್ಲಿ ನಿಂತುಹೋಗುತ್ತದೆ. ಆಮೇಲೆ ಅದರ ಜಾಗ ಅಟ್ಟ, ಇಲ್ಲವೇ ತಿಪ್ಪೆ. ನಿಂತ ಲಾರಿಯನ್ನು ಬಿಚ್ಚಿ ನೋಡಲು ಹೊರಟರೆ ಮನೆಯಲ್ಲಿ ಏನೆನ್ನುತ್ತಾರೆ? "ಮುಟ್ಟಬೇಡ, ಕೆಟ್ಟುಹೋಗುತ್ತೆ!" ಎನ್ನುತ್ತಾರೆ. ಕೆಟ್ಟಿರುವುದು ಇನ್ನೇನು ಕೆಟ್ಟೀತು? ಇದನ್ನು ಯಾರೂ ಕೇಳುವುದಿಲ್ಲ.

ಬಿಚ್ಚಬೇಕು ಎಂಬುದು ನನ್ನ ಅಭಿಪ್ರಾಯ. ಬಿಚ್ಚಿ, ನೋಡಿ, ಸರಿಪಡಿಸಿ, ಸಾಧ್ಯವಾದರೆ ಮೊದಲಿಗಿಂತ ಚೆನ್ನಾಗಿ ಓಡುವಂತೆ ಮಾಡಬೇಕು. ಆದರೆ ಹೇಗೆ ಬೇಕೋ ಹಾಗಲ್ಲ. ಅದಕ್ಕೊಂದು ಕ್ರಮ ಇದೆ. ಆ ಕ್ರಮವೇ ವಿಜ್ಞಾನ.

ಅಣ್ಣನ ಲಾರಿ, ತಂಗಿಯ ಕೈ

ಕಡೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಚೀಲದಿಂದ ಒಂದು ರಿಮೋಟ್ ಲಾರಿ ತೆಗೆದು ಮೇಜಿನ ಮೇಲಿಟ್ಟಳು. ಅದು ಅವಳ ಅಣ್ಣನದು. ನಿಂತುಹೋಗಿತ್ತು. ಅವಳು ಕದ್ದು ಬಿಚ್ಚಿದ್ದಳು. ತಾಯಿ ಕಂಡು, "ಏನೇ, ಇರೋದನ್ನೂ ಹಾಳು ಮಾಡ್ತೀಯಲ್ಲೇ! ಹುಡುಗಿಗ್ಯಾಕೆ ಲಾರಿ ಸಹವಾಸ?" ಎಂದು ಬೈದಿದ್ದರು.

"ಒಳಗೆ ಏನು ಕಂಡಿತು?" ಎಂದು ಕೇಳಿದೆ.

"ಗಾಲಿಯ ಕಡ್ಡಿಗೆ ಕೂದಲು ಸುತ್ತಿಕೊಂಡಿತ್ತು ಸಾರ್. ಒಂದು ವೈರೂ ಬಿಟ್ಟುಹೋಗಿತ್ತು. ಕೂದಲು ತೆಗೆದು ವೈರು ಸುತ್ತಿದೆ. ಈಗ ಓಡ್ತದೆ. ಆದರೆ ಇಳಿಜಾರು ಹಲಗೆ ಹತ್ತಲ್ಲ, ಜಾರ್ತದೆ."

ಬೈಗುಳ ತಿಂದ ಹುಡುಗಿ ಎರಡು ಕೆಲಸ ಮಾಡಿದ್ದಳು. ಕಾರಣ ಹುಡುಕಿ ಲಾರಿ ಓಡಿಸಿದ್ದಳು. ಜೊತೆಗೆ ಹೊಸ ಪ್ರಶ್ನೆಯೊಂದನ್ನು ತಂದಿದ್ದಳು. ಏಕೆ ಹತ್ತುವುದಿಲ್ಲ? ಇಂಥ ಪ್ರಶ್ನೆ ಹುಟ್ಟುವ ಮನೆಯಲ್ಲಿ ಬೈಗುಳ ಬಿದ್ದರೆ ನಷ್ಟ ಯಾರಿಗೆ, ನೀವೇ ಹೇಳಿ.

ನಮ್ಮ ಹಿರಿಯರೂ ಗಾಡಿ ಬದಲಾಯಿಸಿದವರೇ

ಇದ್ದ ವಾಹನವನ್ನು ನಮ್ಮ ಕೆಲಸಕ್ಕೆ ಒಗ್ಗುವಂತೆ ಬದಲಾಯಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ದನಗಳ ಸಂವರ್ಧನಾ ಕೇಂದ್ರ ಇದೆಯಷ್ಟೆ. ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿಕೊಂಡಿದ್ದ ಈ ದನಗಳ ಇಲಾಖೆಗೆ 'ಅಮೃತಮಹಲ್' ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ. ಈ ಎತ್ತುಗಳು ಸೈನ್ಯದ ಫಿರಂಗಿಗಳನ್ನೂ ಸಾಮಾನನ್ನೂ ಎಳೆಯುತ್ತಿದ್ದವು. ಎತ್ತು ಎಷ್ಟೇ ಬಲವಾಗಿದ್ದರೂ ಗಾಲಿ ಸರಿಯಿಲ್ಲದಿದ್ದರೆ ಗಾಡಿ ಸಾಗದು. ಅದಕ್ಕೇ ಮರದ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದರು. ಅಚ್ಚಿಗೆ ಕೀಲೆಣ್ಣೆ ಹಾಕಿದರು. ಮುಂದೆ ರಬ್ಬರ್ ಟೈರು, ಬೇರಿಂಗ್ ಬಂದಾಗ 'ಟೈರ್ ಗಾಡಿ' ಹುಟ್ಟಿತು. ಪ್ರತಿಯೊಂದು ಬದಲಾವಣೆಯೂ ಎತ್ತಿನ ಶ್ರಮವನ್ನು ಉಳಿಸಿತು, ಇಲ್ಲವೇ ಗಾಲಿಯ ಬಾಳಿಕೆ ಹೆಚ್ಚಿಸಿತು.

ತರೀಕೆರೆ ಕಡೆಯ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್‌ವೀಲ್ ಹಾಕಿರುವುದನ್ನು ನೋಡಿರುತ್ತೀರಿ. ಕೆಸರಿನಲ್ಲಿ ರಬ್ಬರ್ ಗಾಲಿ ಜಾರಿ ಸುತ್ತುತ್ತದೆ, ಕೇಜ್‌ವೀಲ್ ಕೆಸರನ್ನು ಕಚ್ಚಿ ಹಿಡಿಯುತ್ತದೆ. ಆದರೆ ಅದೇ ಗಾಲಿಯಲ್ಲಿ ಡಾಂಬರು ರಸ್ತೆಗೆ ಬಂದರೆ ರಸ್ತೆ ಕಿತ್ತುಹೋಗುತ್ತದೆ. ಇದನ್ನು ನೆನಪಿಡಿ: ಯಾವ ಬದಲಾವಣೆಯೂ ಪುಕ್ಕಟೆ ಅಲ್ಲ. ಒಂದು ಕಡೆ ಪಡೆದರೆ ಇನ್ನೊಂದು ಕಡೆ ಏನನ್ನೋ ಕೊಡಬೇಕಾಗುತ್ತದೆ.

ದೊಡ್ಡವರ ಆಟ

ಪುಟ್ಟ ರಿಮೋಟ್ ಲಾರಿಗಳನ್ನು ಬದಲಾಯಿಸುವುದು ಇಂದು ಜಗತ್ತಿನ ಹಲವೆಡೆ ದೊಡ್ಡವರ ಹವ್ಯಾಸವೂ ಆಗಿದೆ. ತಂತಿಯಿಲ್ಲದೆ ದೂರದಿಂದ ವಾಹನ ನಡೆಸುವ ವಿಚಾರ ತುಂಬ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕ್‌ನಲ್ಲಿ ನೀರಿನ ತೊಟ್ಟಿಯೊಳಗೆ ಪುಟ್ಟ ದೋಣಿಯನ್ನು ರೇಡಿಯೊ ಅಲೆಗಳಿಂದ ನಡೆಸಿ ತೋರಿಸಿದ್ದರು. ಜಪಾನಿನ ತಮಿಯಾ ಕಂಪನಿ 1976ರಲ್ಲಿ ತನ್ನ ಮೊದಲ ರೇಡಿಯೊ ಕಾರನ್ನು ಬಿಡಿಭಾಗಗಳಾಗಿ ಮಾರಿತು. ಕೊಂಡವರೇ ಅದನ್ನು ಜೋಡಿಸಬೇಕಿತ್ತು. ಜೋಡಿಸಲು ಕಲಿತವರು ಬದಲಾಯಿಸಲೂ ಕಲಿತರು.

ಈಗ ಅಂಗೈ ಮೇಲೆ ನಿಲ್ಲುವ 24ರಲ್ಲಿ ಒಂದು ಅಳತೆಯ ವಾಹನಗಳೂ ಬಂದಿವೆ. 4.8 ಮೀಟರ್ ಉದ್ದದ ವಾಹನ ಈ ಅಳತೆಯಲ್ಲಿ 20 ಸೆಂಟಿಮೀಟರ್ ಆಗುತ್ತದೆ. ತೂಕ ಎಷ್ಟಾಗುತ್ತದೆ? 24ರಲ್ಲಿ ಒಂದು ಪಾಲು ಎನ್ನುತ್ತೀರಾ? ಅಲ್ಲ. ಉದ್ದ, ಅಗಲ, ಎತ್ತರ ಮೂರೂ 24 ಪಟ್ಟು ತಗ್ಗುತ್ತವೆ. 24ನ್ನು 24ರಿಂದ, ಮತ್ತೆ 24ರಿಂದ ಗುಣಿಸಿ ನೋಡಿ. 13,824 ಬರುತ್ತದೆ. ಅದೇ ವಸ್ತುಗಳಿಂದ ಮಾಡಿದರೆ ತೂಕ 13,824ರಲ್ಲಿ ಒಂದು ಪಾಲು! ಇಷ್ಟು ಹಗುರವಾದ ವಾಹನದ ಟೈರು ಕಲ್ಲಿನ ಮೇಲೆ ಅಮುಕಿ ಕೂರುವುದಿಲ್ಲ. ಅದಕ್ಕೇ ಹವ್ಯಾಸಿಗಳು ಮೆತ್ತನೆಯ ಟೈರು ಹಾಕುತ್ತಾರೆ. ಅಚ್ಚಿನ ಹತ್ತಿರ, ನೆಲಕ್ಕೆ ಸಮೀಪವಾಗಿ, ಹಿತ್ತಾಳೆಯ ತೂಕ ಕೂಡಿಸುತ್ತಾರೆ.

ಇಲ್ಲಿ ನನ್ನದೊಂದು ತಕರಾರಿದೆ. ಕೆಲವರು ಲಾರಿಯ ಬೆಲೆಗಿಂತ ಹೆಚ್ಚು ಹಣವನ್ನು ಅದರ ಬಿಡಿಭಾಗಗಳಿಗೆ ಸುರಿಯುತ್ತಾರೆ. ಹೊಳೆಯುವ ಭಾಗ ಕೊಂಡು ತಿರುಪು ಬಿಗಿದರೆ ಲಾರಿ ಬದಲಾಗುತ್ತದೆ, ನಿಜ. ಆದರೆ ಏಕೆ ಬದಲಾಯಿತು, ಎಷ್ಟು ಬದಲಾಯಿತು ಎಂದು ತಿಳಿಯದಿದ್ದರೆ ಕಲಿತದ್ದೇನು? ನಮ್ಮ ಶಾಲೆಯ ಮಕ್ಕಳ ಬಳಿ ಅಷ್ಟು ಹಣ ಇಲ್ಲ. ಅದಕ್ಕೆ ಕೊರಗಬೇಕಿಲ್ಲ. ಅಳತೆಪಟ್ಟಿ, ಹಲಗೆ, ಹಳೆಯ ಸೈಕಲ್ ಟ್ಯೂಬು, ನಾಲ್ಕು ಕಬ್ಬಿಣದ ನಟ್ಟು ಇದ್ದರೆ ಸಾಕು.

ಹಲಗೆಯ ಮೇಲೆ ಪರೀಕ್ಷೆ

ಆ ಶಾಲೆಯಲ್ಲಿ ನಾವು ಮಾಡಿದ್ದು ಇಷ್ಟು. ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಯ ಕೆಳಗೆ ಪುಸ್ತಕ ಪೇರಿಸಿದೆವು. ಲಾರಿ ಹತ್ತಿದರೆ ಇನ್ನೊಂದು ಪುಸ್ತಕ. ಹತ್ತಲಾರದೆ ಜಾರಿದಾಗ ಹಲಗೆಯ ತುದಿ ನೆಲದಿಂದ ಎಷ್ಟು ಸೆಂಟಿಮೀಟರ್ ಎತ್ತರ ಇದೆ ಎಂದು ಅಳೆದೆವು. ಮೂರು ಸಲ ಅಳೆದು ಸರಾಸರಿ ತೆಗೆದೆವು. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿ ಮತ್ತೆ ಅಳೆದೆವು. ಒಮ್ಮೆಗೇ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಮೊದಲು ಹಿಂದಿನ ಗಾಲಿಗಳಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆವು. ನುಣುಪು ಪ್ಲಾಸ್ಟಿಕ್‌ಗಿಂತ ರಬ್ಬರಿಗೆ ಘರ್ಷಣೆ ಹೆಚ್ಚು. ಲಾರಿ ಖಂಡಿತ ಹತ್ತುತ್ತದೆ ಎಂದುಕೊಂಡೆವು. ಮೊದಲ ಸಲ ಅದು ಅಲ್ಲಾಡಲೂ ಇಲ್ಲ! ಪಟ್ಟಿ ದಪ್ಪವಾಗಿ ಗಾಲಿ ಲಾರಿಯ ಮೈಗೆ ಉಜ್ಜುತ್ತಿತ್ತು. ಹೊರಗೆ ಬೇಕಾದ ಘರ್ಷಣೆ ಒಳಗೂ ಬಂದುಬಿಟ್ಟಿತ್ತು. ಪಟ್ಟಿಯನ್ನು ತೆಳ್ಳಗೆ ಕತ್ತರಿಸಿದ ಮೇಲೆ ಲಾರಿ ಮೊದಲಿಗಿಂತ ಕಡಿದಾದ ಏರು ಹತ್ತಿತು.

ಎರಡನೆಯದು ತೂಕ. ಮಕ್ಕಳು ನಟ್ಟುಗಳನ್ನು ಡ್ರೈವರ್ ಕೂರುವ ಮುಂಭಾಗದಲ್ಲಿ ಇಟ್ಟರು. ಲಾರಿ ಇನ್ನೂ ಬೇಗ ಜಾರಿತು. ಏಕೆ? ಆ ಲಾರಿಯಲ್ಲಿ ಮೋಟಾರು ತಿರುಗಿಸುವುದು ಹಿಂದಿನ ಗಾಲಿಗಳನ್ನು ಮಾತ್ರ. ಮುಂದೆ ಇಟ್ಟ ತೂಕ ಲಾರಿಯನ್ನು ಕೆಳಕ್ಕೆ ಎಳೆಯುತ್ತದೆ, ಆದರೆ ತಿರುಗುವ ಗಾಲಿಯನ್ನು ಹಲಗೆಗೆ ಒತ್ತುವುದಿಲ್ಲ. ಅವೇ ನಟ್ಟುಗಳನ್ನು ಹಿಂದಿನ ಅಚ್ಚಿನ ಮೇಲೆ ಇಟ್ಟಾಗ ಹಿಡಿತ ಹೆಚ್ಚಿತು. ತೀರ ಹಿಂದಕ್ಕೆ ಸರಿಸಿದಾಗ ಲಾರಿಯ ಮೂತಿ ಮೇಲೆದ್ದಿತು. ಎಷ್ಟು ತೂಕ ಎಂಬುದಕ್ಕಿಂತ ಎಲ್ಲಿ ಇಡುತ್ತೇವೆ ಎಂಬುದೇ ಮುಖ್ಯ. ಹುಲ್ಲನ್ನು ತೀರ ಎತ್ತರಕ್ಕೆ ಹೇರಿದ ಗಾಡಿ ತಿರುವಿನಲ್ಲಿ ಮಗುಚುತ್ತದೆ ಅಲ್ಲವೇ? ಗುರುತ್ವ ಕೇಂದ್ರ ಮೇಲೆ ಹೋದಷ್ಟೂ ಬೀಳುವ ಭಯ ಹೆಚ್ಚು.

ಮೂರನೆಯದು ಹಲ್ಲುಚಕ್ರ. ಮೋಟಾರಿನ ಚಕ್ರಕ್ಕೆ 8 ಹಲ್ಲು, ಅದು ತಿರುಗಿಸುವ ದೊಡ್ಡ ಚಕ್ರಕ್ಕೆ 40 ಹಲ್ಲು ಇದ್ದರೆ ಮೋಟಾರು 5 ಸುತ್ತು ಸುತ್ತಿದಾಗ ದೊಡ್ಡ ಚಕ್ರ 1 ಸುತ್ತು ಸುತ್ತುತ್ತದೆ. ವೇಗ ಐದನೇ ಒಂದಕ್ಕೆ ಇಳಿಯುತ್ತದೆ, ತಿರುಗಿಸುವ ಬಲ ಸುಮಾರು ಐದು ಪಟ್ಟು ಏರುತ್ತದೆ. ಘರ್ಷಣೆಗೆ ಸ್ವಲ್ಪ ನಷ್ಟವಾಗುತ್ತದೆ. ಲಿಂಗದಹಳ್ಳಿ ಕಡೆಯಿಂದ ಕೆಮ್ಮಣ್ಣುಗುಂಡಿ ಘಾಟಿ ಹತ್ತುವ ಲಾರಿಯ ಸದ್ದು ಕೇಳಿದ್ದೀರಾ? ಎಂಜಿನ್ ಜೋರಾಗಿ ಕೂಗುತ್ತದೆ, ಲಾರಿ ಮಾತ್ರ ನಿಧಾನ. ಡ್ರೈವರ್ ವೇಗವನ್ನು ಕೊಟ್ಟು ಬಲವನ್ನು ಪಡೆದಿದ್ದಾನೆ. ಆಟದ ಲಾರಿಗೂ ಇದೇ ಲೆಕ್ಕ. ಸರಿಹೊಂದುವ ಹಲ್ಲುಚಕ್ರ ನಮ್ಮ ಬಳಿ ಇರಲಿಲ್ಲ. ಹಾಗಾಗಿ ಇದನ್ನು ಬಾಕಿ ಇಟ್ಟೆವು.

ನಮಗೆ ಸಿಕ್ಕ ಅಂಕಿಗಳನ್ನು ಇಲ್ಲಿ ಕೊಡುವುದಿಲ್ಲ. ನಿಮ್ಮ ಹಲಗೆ ಬೇರೆ, ನಿಮ್ಮ ಲಾರಿ ಬೇರೆ. ನಿಮ್ಮ ಅಂಕಿಗಳನ್ನು ನೀವೇ ಅಳೆಯಿರಿ.

ಗುಂಡಿ ಒಬ್ಬರದು, ಓಟ ಇಬ್ಬರದು

ಇನ್ನೊಂದು ತಮಾಷೆ. ಒಬ್ಬರು ರಿಮೋಟಿನ ಗುಂಡಿ ಒತ್ತಿದರೆ ಪಕ್ಕದವರ ಲಾರಿಯೂ ಓಡುವುದುಂಟು. ಅಗ್ಗದ ಹಲವು ಆಟಿಕೆಗಳು 27 ಮೆಗಾಹರ್ಟ್ಸ್ ಆವೃತ್ತಿಯ ರೇಡಿಯೊ ಅಲೆಗಳನ್ನು ಬಳಸುತ್ತವೆ. ಅಂದರೆ ಸೆಕೆಂಡಿಗೆ 2 ಕೋಟಿ 70 ಲಕ್ಷ ಕಂಪನ. ಒಂದೇ ಆವೃತ್ತಿಯ ಎರಡು ಲಾರಿಗಳಿಗೆ ಯಾರ ಆಜ್ಞೆ ಯಾರಿಗೆ ಎಂದು ತಿಳಿಯುವುದಿಲ್ಲ. 2.4 ಗಿಗಾಹರ್ಟ್ಸ್ ಬಳಸುವ ಹೊಸ ಮಾದರಿಗಳಲ್ಲಿ ಲಾರಿ ಸಾಮಾನ್ಯವಾಗಿ ತನ್ನದೇ ರಿಮೋಟಿನ ಗುರುತನ್ನು ಹಿಡಿದು ಅದರ ಮಾತನ್ನಷ್ಟೇ ಕೇಳುತ್ತದೆ.

ಜೋಕೆ!

ದೊಡ್ಡವರ ಭಯವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಮನೆಯ ಕರೆಂಟಿಗೆ ಜೋಡಿಸುವ ಯಾವ ವಸ್ತುವನ್ನೂ, ಚಾರ್ಜರನ್ನೂ ಸಹ, ನೀವು ಬಿಚ್ಚಕೂಡದು. ಶೆಲ್ಲು ಅಥವಾ ಬ್ಯಾಟರಿಯನ್ನು ಒಡೆಯಬೇಡಿ, ಚುಚ್ಚಬೇಡಿ, ಬೆಂಕಿಗೆ ಹಾಕಬೇಡಿ. ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಚಾರ್ಜ್ ಮಾಡದೆ ದೊಡ್ಡವರಿಗೆ ತೋರಿಸಿ. ವೇಗ ಹೆಚ್ಚಲಿ ಎಂದು ಶೆಲ್ಲುಗಳ ಸಂಖ್ಯೆ ಹೆಚ್ಚಿಸಬೇಡಿ. 1.5 ವೋಲ್ಟಿನ 4 ಶೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 6 ವೋಲ್ಟ್. ಅದಕ್ಕಾಗಿ ಮಾಡಿದ ಮೋಟಾರಿಗೆ ಹೆಚ್ಚು ಕೊಟ್ಟರೆ ಅದು ಬಿಸಿಯೇರಿ ಸುಡಬಹುದು. ಮುಗಿದ ಶೆಲ್ಲನ್ನು ಕೆರೆಗೆ ಎಸೆಯಬೇಡಿ.

ಬಿಚ್ಚುವಾಗ ಕೆಳಗೊಂದು ತಟ್ಟೆ ಇಟ್ಟುಕೊಳ್ಳಿ. ನಾನು ಚಿಕ್ಕಂದಿನಲ್ಲಿ ಅಪ್ಪನ ಟಾರ್ಚು ಬಿಚ್ಚಿದಾಗ ಸ್ಪ್ರಿಂಗ್ ಹಾರಿ ಹೋಗಿ ಇಂದಿಗೂ ಸಿಕ್ಕಿಲ್ಲ! ಬೇರೆಯವರ ವಸ್ತುವನ್ನು ಕೇಳಿಯೇ ಬಿಚ್ಚಿ. ಯಾವ ವೈರು ಎಲ್ಲಿತ್ತು ಎಂದು ಚಿತ್ರ ಬರೆದಿಟ್ಟುಕೊಳ್ಳಿ. ಚಿತ್ರ ಬರೆದು ಬಿಚ್ಚಿದವರಿಗೆ ಮರಳಿ ಜೋಡಿಸುವುದು ಕಷ್ಟವಾಗದು.

ಶಾಲೆಗೊಂದು ಪೆಟ್ಟಿಗೆ

ಗುರುಗಳಲ್ಲಿ ನನ್ನದೊಂದು ಕೋರಿಕೆ. ಶಾಲೆಯ ಮೂಲೆಯಲ್ಲಿ ಒಂದು 'ಬಿಚ್ಚುವ ಪೆಟ್ಟಿಗೆ' ಇಡಿ. ಊರಿನ ಮನೆಗಳಲ್ಲಿ ನಿಂತುಹೋದ ಆಟದ ಲಾರಿ, ಕಾರುಗಳೆಲ್ಲ ಅದರಲ್ಲಿ ಬೀಳಲಿ. ಒಂದರ ಮೋಟಾರು ಇನ್ನೊಂದಕ್ಕೆ ಬರುತ್ತದೆ, ನಾವು ಬಾಕಿ ಇಟ್ಟ ಹಲ್ಲುಚಕ್ರವೂ ಸಿಕ್ಕೀತು. ವಾರಕ್ಕೆ ಒಂದು ಗಂಟೆ ಮಕ್ಕಳಿಗೆ ಬಿಡಿ. ರಿಮೋಟು, ತಿರುಪುಳಿ ಹುಡುಗರ ಕೈಯಲ್ಲೇ ಉಳಿದು, ಬರೆದುಕೊಳ್ಳುವ ಕೆಲಸ ಮಾತ್ರ ಹುಡುಗಿಯರ ಪಾಲಿಗೆ ಬಾರದಂತೆ ನೋಡಿಕೊಳ್ಳಿ.

"ಇದೆಲ್ಲ ಆಟ, ಪರೀಕ್ಷೆಗೆ ಬರುತ್ತದೆಯೇ?" ಎಂದು ಕೇಳುವವರಿದ್ದಾರೆ. ಘರ್ಷಣೆ, ಗುರುತ್ವ, ವಿದ್ಯುತ್ತು, ಸರಾಸರಿ, ಅನುಪಾತ ಎಲ್ಲವೂ ಪಾಠದಲ್ಲಿ ಬರುವಂಥವೇ. ಪಾಠದಲ್ಲಿ ಓದಿದ ಘರ್ಷಣೆ ಮರೆತುಹೋಗಬಹುದು. ಗಾಲಿಗೆ ಉಜ್ಜಿ ಲಾರಿ ನಿಲ್ಲಿಸಿದ ಘರ್ಷಣೆ ಮರೆಯುವುದಿಲ್ಲ.

ಆ ದಿನ ಸಂಜೆ ಹುಡುಗಿ ಲಾರಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. "ಅಮ್ಮನಿಗೆ ಏನು ಹೇಳುತ್ತೀಯ?" ಎಂದೆ. "ಹಲಗೆ ಇಟ್ಟು ತೋರಿಸ್ತೀನಿ ಸಾರ್" ಎಂದಳು. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು. ಮಕ್ಕಳೇ, ನೀವೂ ಮನೆಯಲ್ಲಿ ವಾದ ಮಾಡಬೇಡಿ, ಹಲಗೆ ಇಟ್ಟು ತೋರಿಸಿ.